ಧ್ವನಿ ಸ್ಪಷ್ಟವಾಗಿದೆ

ಏಣಿ ಹೊತ್ತು ಬಂದ ಇಬ್ಬರು ಆಳುಗಳು ಡಿಪೋ ರಸ್ತೆಯ ಕಂಬಗಳಿಗೆ ಬಿಳಿ ಡಬ್ಬಿ ಬಿಗಿಯುವುದನ್ನು ಅಕ್ಕ ತನ್ನ ಅಂಗಡಿಯ ಮುಂದೆ ನಿಂತು ನೋಡುತ್ತಿದ್ದಳು. ತುಟಿಗಳ ನಡುವೆ ಗುಂಡುಸೂಜಿಗಳಿದ್ದವು, ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ಒಂದು ಕಂಬ ಮುಗಿಯಿತು, ಇನ್ನೊಂದು ಮುಗಿಯಿತು. ಮೂಲೆಯ ಕಂಬವಾದ ಮೇಲೆ ಅವರು ಓಣಿಯೊಳಗೆ ತಿರುಗುತ್ತಾರೆ ಎಂದು ಅವಳು ಕಾದಿದ್ದಳು. ಅವರು ಏಣಿ ಮಡಿಚಿ ಗಾಡಿಗೆ ಹಾಕಿದರು.

ಅಕ್ಕ ಸೂಜಿಗಳನ್ನು ಕೈಗೆ ತೆಗೆದುಕೊಂಡು ಓಡಿದಳು.

"ಅಣ್ಣಾ, ಈ ಕಡೆ ಬರಲ್ವಾ?"

"ಈ ಓಣಿ ನಮ್ಮ ನಕ್ಷೇಲಿಲ್ಲಮ್ಮಾ."

"ಇಲ್ಲ ಅಂದ್ರೆ? ನಾವೇನು ಆಕಾಶದಲ್ಲಿದ್ದೀವಾ?"

"ಇದ್ದಿದ್ರೆ ಒಳ್ಳೇದಿತ್ತು, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತೆ," ಎಂದು ಕಿರಿಯವನು ನಕ್ಕ. ಹಿರಿಯವನು ಅವನನ್ನು ಗದರಿಸಿ, "ತೋರಿಸಿದ ಕಂಬಕ್ಕೆ ಹಾಕೋದಷ್ಟೇ ನಮ್ಮ ಕೆಲಸ ತಾಯಿ. ಆಫೀಸಲ್ಲಿ ಕೇಳಿ," ಎಂದ.

ಗಾಡಿ ಹೊರಟಿತು. ಅಂಗಡಿಯೊಳಗೆ ತಂಗಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಜಿಪ್ಪು ಬಿಚ್ಚುತ್ತಿದ್ದವಳು ತಲೆಯೆತ್ತಿ, ಹುಬ್ಬು ಹಾರಿಸಿ ಕೇಳಿದಳು: 'ನಮ್ಮದು ಯಾವಾಗ?'

'ನಾಳೆ,' ಎಂದು ಅಕ್ಕ ಕೈಯಲ್ಲಿ ಹೇಳಿದಳು. ಸುಳ್ಳು ಹೇಳಲು ಅವಳ ಕೈಗಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅಕ್ಕತಂಗಿಯರ ನಡುವೆ ಚಿಕ್ಕಂದಿನಿಂದ ಬೆಳೆದದ್ದು ಕೈಮಾತು. ಹೊರಗಿನವರ ಜೊತೆ ವ್ಯವಹಾರವೆಲ್ಲ ಅಕ್ಕನದು. ಗಿರಾಕಿಯೊಬ್ಬ, "ಈ ಹೊಲಿಗೆ ಆ ಮೂಗಿ ಹಾಕಿದ್ದಾ?" ಎಂದರೆ, ಅಕ್ಕ ತಂಗಿಗೆ 'ಹೊಲಿಗೆ ಗಟ್ಟಿಯಾಗಿದೆಯಂತೆ' ಎಂದು ದಾಟಿಸುತ್ತಿದ್ದಳು. ತಂಗಿ ಗಿರಾಕಿಗೆ ಮುಖಮುರಿದು, 'ಈ ಹೊಟ್ಟೆಗೆ ಈ ಪ್ಯಾಂಟು ಸಾಲದು ಅಂತ ಹೇಳು' ಎಂದರೆ, ಅಕ್ಕ ಗಿರಾಕಿಗೆ "ಸ್ವಲ್ಪ ಬಟ್ಟೆ ಬಿಡಿಸಿ ಕೊಡ್ತಾಳಂತೆ" ಎನ್ನುತ್ತಿದ್ದಳು. ಹೀಗೆ ಎರಡೂ ಕಡೆಯ ಮುಳ್ಳು ಕಿತ್ತು ಮಾತು ಸಾಗಿಸಿ ಸಾಗಿಸಿಯೇ ಅಂಗಡಿ ಇಷ್ಟು ವರ್ಷ ನಡೆದಿತ್ತು. ತಂಗಿಯ ಹೆಸರಿನ ಫೋನು ಬಡಿದುಕೊಂಡರೂ ಎತ್ತುವವಳು ಅಕ್ಕನೇ.

ತಂಗಿಗೆ ಒಬ್ಬಳೇ ಮಗಳು, ಅವಳಿಗೂ ಕಿವಿ ಕೇಳಿಸದು. ಕೆನ್ನೆಗೆ ಬೆರಳೊತ್ತಿ ತೋರಿಸಿದರೆ ಅದೇ ಅವಳ ಹೆಸರು. ನಕ್ಕರೆ ಅಲ್ಲಿ ಗುಳಿ ಬೀಳುತ್ತಿತ್ತು. ಗುಳಿಕೆನ್ನೆ ಎಂದೇ ಓಣಿಯೆಲ್ಲ ಕರೆಯುತ್ತಿತ್ತು. ಈ ಊರಿನಲ್ಲಿ ಕಿವುಡ ಮಕ್ಕಳಿಗೆ ಶಾಲೆಯಿಲ್ಲ. ಮಗುವನ್ನು ದೂರದ ಊರಿನ ಹಾಸ್ಟೆಲ್ ಶಾಲೆಗೆ ಸೇರಿಸಿ ಬಂದಿದ್ದರು. ಸಂಜೆ ಪಾಠ ಬಿಟ್ಟ ಮೇಲೆ ಅಲ್ಲಿ ಮಕ್ಕಳ ಕೈಗೆ ಸ್ವಲ್ಪ ಹೊತ್ತು ಫೋನು ಕೊಡುತ್ತಾರೆ. ತಾಯಿಗೆ ಬರೆಯಲು ಬಾರದು, ಮಗಳು ಅಕ್ಷರ ಕಲಿಯುತ್ತಿರುವುದಷ್ಟೇ. ಇಬ್ಬರ ನಡುವೆ ಇರುವುದು ಕೈಗಳು ಮಾತ್ರ, ಅವು ಕಾಣಿಸಬೇಕು.

ಓಣಿಯ ಒಂದು ಬದಿಗೆ ಬಸ್ ಡಿಪೋದ ತಗಡಿನ ಗೋಡೆ, ಇನ್ನೊಂದು ಬದಿಗೆ ಎತ್ತರದ ಗೋದಾಮು. ಫೋನಿನಲ್ಲಿ ಮಾತು ಸರಾಗವಾಗಿ ಬರುತ್ತದೆ, ಹೋಗುತ್ತದೆ. ಚಿತ್ರ ಮಾತ್ರ ಒಂದು ಹೆಜ್ಜೆ ನಡೆದು ಕಲ್ಲಾಗಿ ನಿಲ್ಲುತ್ತದೆ.

ಆ ಚಿತ್ರ ನಿಂತದ್ದರಿಂದಲೇ ಅನಾಹುತವಾಗಿತ್ತು. ಕಳೆದ ತಿಂಗಳು ಗುಳಿಕೆನ್ನೆ 'ಯಾವಾಗ ಬರ್ತೀಯ?' ಎಂದು ಕೇಳಿದ್ದಳು. 'ಭಾನುವಾರ ಬರ್ತೀನಿ ಅಂದಿದ್ದೆ, ಆಗಲ್ಲ, ರಜೆಗೆ ಬರ್ತೀನಿ' ಎಂದು ತಂಗಿ ಹೇಳುತ್ತಿದ್ದಳು. 'ಭಾನುವಾರ ಬರ್ತೀನಿ' ಎನ್ನುವಷ್ಟರಲ್ಲಿ ಚಿತ್ರ ನಿಂತುಹೋಯಿತು. ಉಳಿದದ್ದನ್ನೆಲ್ಲ ತಂಗಿ ಹೇಳಿ ಮುಗಿಸಿದಳು. ಆ ತುದಿಯಲ್ಲಿ ಮಗು ನೋಡಿದ್ದು 'ಬರ್ತೀನಿ' ಎಂದು ಎದೆಯ ಕಡೆ ತಿರುಗಿ ನಿಂತಿದ್ದ ಅಮ್ಮನ ಕೈಯನ್ನು. ಭಾನುವಾರ ಅವಳು ಚೀಲಕ್ಕೆ ಬಟ್ಟೆ ತುಂಬಿಕೊಂಡು ಹಾಸ್ಟೆಲ್ಲಿನ ಗೇಟಿನ ಕಲ್ಲಿನ ಮೇಲೆ ಬೆಳಗಿನಿಂದ ಕೂತಿದ್ದಳಂತೆ. ಊಟಕ್ಕೆ ಕರೆದರೆ ಏಳಲಿಲ್ಲವಂತೆ. ವಾರ್ಡನ್ ಅಕ್ಕನಿಗೆ ಫೋನು ಮಾಡಿ, "ನೋಡಿ, ಮಗು ಈಗ ಪಾಠದಲ್ಲೂ ಕೂರ್ತಿಲ್ಲ. ಹೀಗೇ ಆದ್ರೆ ವಾಪಸ್ ಕರ್ಕೊಂಡು ಹೋಗಿ, ಆ ಜಾಗಕ್ಕೆ ಕಾಯ್ತಿರೋ ಮಕ್ಕಳು ತುಂಬಾ ಇದ್ದಾರೆ," ಎಂದಿದ್ದರು. ಅದನ್ನೂ ಅಕ್ಕ ತಂಗಿಗೆ ಪೂರ್ತಿ ಹೇಳಿರಲಿಲ್ಲ. 'ಸ್ವಲ್ಪ ಹಟ ಮಾಡ್ತಿದ್ದಾಳಂತೆ' ಎಂದಿದ್ದಳು, ಅಷ್ಟೇ.

ಅಂದಿನಿಂದ ತಂಗಿ ಸಂಜೆಯಾದರೆ ಯಂತ್ರ ನಿಲ್ಲಿಸಿ ರೈಲುಹಳಿಯ ಮೇಲಿನ ಕಾಲುಸೇತುವೆಗೆ ಓಡುತ್ತಿದ್ದಳು. ಅಲ್ಲಿ ಚಿತ್ರ ಓಡುತ್ತದೆ. ಆದರೆ ಜನ ತಳ್ಳಾಡುವ ಜಾಗ, ಫೋನನ್ನು ಇಡಲು ಕಟ್ಟೆಯಿಲ್ಲ. ಒಂದು ಕೈ ಫೋನು ಹಿಡಿಯಬೇಕು, ಉಳಿದ ಒಂದೇ ಕೈ ಮಾತಾಡಬೇಕು. ಅರ್ಧ ಬಾಯಿಗೆ ಬಟ್ಟೆ ತುರುಕಿಕೊಂಡು ಮಗುವನ್ನು ಸಮಾಧಾನ ಮಾಡಿದ ಹಾಗೆ.

ಸರ್ಕಾರದ ಹೊಸ ಯೋಜನೆ ಬಂದಾಗ ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ತಂಗಿಯೇ. ತಂತಿಯಿಲ್ಲದ ಇಂಟರ್ನೆಟ್, ಕಂಬಕ್ಕೊಂದು ಡಬ್ಬಿ, ಬಡವರ ಓಣಿಗಳಿಗೆ ಮೊದಲು. ಪಕ್ಕದ ಗಡಿಯಾರ ರಿಪೇರಿಯವನು ಪತ್ರಿಕೆ ಓದಿ, "ಇನ್ಮೇಲೆ ಇರೋರಿಗೂ ಇಲ್ಲದೋರಿಗೂ ನಡುವಿನ ಕಂದಕ ಮುಚ್ಚಿಹೋಗುತ್ತಂತೆ ಕಣಮ್ಮಾ," ಎಂದಿದ್ದ. "ಮುಚ್ಚೋವಾಗ ನಮ್ಮನ್ನ ಅದರೊಳಗೇ ಇಟ್ಟು ಮುಚ್ಚದಿದ್ರೆ ಸರಿ," ಎಂದಿದ್ದಳು ಅಕ್ಕ. ಆಗ ಇಬ್ಬರೂ ನಕ್ಕಿದ್ದರು.

ಏಣಿಯ ಗಾಡಿ ಹೋದ ಮೇಲೆ ಅಕ್ಕ ಮೊದಲು ಯೋಜನೆಯ ಸಹಾಯವಾಣಿಗೆ ಕರೆ ಮಾಡಿದಳು. ಹಾಡು ಬಂತು, ಹಾಡು ಮುಗಿಯಿತು, ಮತ್ತೆ ಅದೇ ಹಾಡು ಬಂತು. ಕೊನೆಗೊಂದು ಹುಡುಗಿ ಸಿಕ್ಕಳು.

"ಫೋನ್ ನಂಬರ್ ಯಾರ ಹೆಸರಲ್ಲಿದೆ ಮೇಡಮ್?"

"ನನ್ನ ತಂಗಿ ಹೆಸರಲ್ಲಿ."

"ಹಾಗಾದ್ರೆ ದೂರು ಅವರೇ ಹೇಳಬೇಕು. ಅವರಿಗೆ ಕೊಡಿ."

"ಅವಳಿಗೆ ಕಿವಿ ಕೇಳ್ಸಲ್ಲಮ್ಮಾ. ಮಾತೂ ಬರಲ್ಲ."

"ಪರವಾಗಿಲ್ಲ ಮೇಡಮ್, ಹೆಸರು, ವಿಳಾಸ ಹೇಳಿದ್ರೆ ಸಾಕು, ಜಾಸ್ತಿ ಮಾತಾಡೋದು ಬೇಡ."

"ಅಯ್ಯೋ ತಾಯಿ, ಜಾಸ್ತಿ ಅಲ್ಲ, ಕಮ್ಮಿನೂ ಆಡಲ್ಲ ಅವಳು!"

ಮತ್ತೆ ಅದೇ ಇಂಪಾದ ದನಿ: "ಅವರ ದನಿ ದಾಖಲಾಗದೆ ದೂರು ಮುಂದಕ್ಕೆ ಹೋಗಲ್ಲ ಮೇಡಮ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಅಕ್ಕ ಫೋನನ್ನು ಕಿವಿಯಿಂದ ಇಳಿಸಿ ನೋಡಿದಳು, ಕೈಗೆ ಕೊಳೆ ಮೆತ್ತಿದವರು ನೋಡಿಕೊಳ್ಳುವ ಹಾಗೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟು ನಯವಾಗಿ ಬಾಗಿಲು ಹಾಕುವವರನ್ನು ಏನು ಮಾಡುವುದು?

ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಇಬ್ಬರೂ ಯೋಜನೆಯ ಕಚೇರಿಗೆ ಹೋದರು. ಹೊಸ ಕಟ್ಟಡ. ಬಾಗಿಲ ಮೇಲೆಯೇ ಬಿಳಿ ಡಬ್ಬಿಯೊಂದು ಹಸಿರು ದೀಪ ಮಿಣುಕಿಸುತ್ತಿತ್ತು. ಒಳಗೆ ಗೋಡೆಯ ತುಂಬ ದೊಡ್ಡ ಚಿತ್ರ, ನಗುವ ಅಜ್ಜಿ, ನಗುವ ಮಗು, ಕೆಳಗೆ ದಪ್ಪಕ್ಷರದಲ್ಲಿ 'ಪ್ರತಿ ಧ್ವನಿಯೂ ತಲುಪಲಿ.' ತಂಗಿ ಆ ಅಕ್ಷರಗಳನ್ನು ತೋರಿಸಿ ಏನೆಂದು ಕೇಳಿದಳು. 'ಎಲ್ಲರಿಗೂ ಸಿಗುತ್ತಂತೆ' ಎಂದಳು ಅಕ್ಕ.

ಕಾದು ಕಾದು ಬೆಂಚಿನ ಆಕಾರವೇ ಬೆನ್ನಿಗೆ ಬಂದ ಮೇಲೆ ಅಧಿಕಾರಿ ಕರೆಸಿದ. ಕೆಟ್ಟವನಲ್ಲ. ಎದ್ದು ಕುರ್ಚಿ ತೋರಿಸಿದ, ನೀರು ತರಿಸಿದ, ಅಕ್ಕ ತಂಗಿಯ ಮತ್ತು ಮಗುವಿನ ವಿಷಯ ಹೇಳಿ ಮುಗಿಸುವವರೆಗೆ ಕೇಳಿದ. ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ನೋಡುವ ಹೆಂಗಸು ಓಣಿಯ ಹೆಸರನ್ನು ಒತ್ತಿ ಹುಡುಕಿದಳು.

"ನಿಮ್ಮ ಓಣೀಲಿ ಸಂಪರ್ಕ ಇದೆಯಲ್ಲಮ್ಮಾ," ಎಂದ ಅಧಿಕಾರಿ. "ಇಲ್ಲದ ಕಡೆಗೆ ಮಾತ್ರ ಈ ಯೋಜನೆ. ಇರೋ ಕಡೆಗೇ ಮತ್ತೆ ಹಾಕಿದ್ರೆ ಇಲ್ಲದೋರಿಗೆ ಅನ್ಯಾಯ ಆಗುತ್ತೆ."

"ಇದೆ ಅಂತ ಯಾರು ಹೇಳಿದ್ದು ಸಾರ್?"

"ನೀವೇ."

ಅವನು ಕಂಪ್ಯೂಟರಿನ ಹೆಂಗಸಿನತ್ತ ತಲೆಯಾಡಿಸಿದ. ಹೆಂಗಸು ಒಂದು ಗುಂಡಿ ಒತ್ತಿದಳು. ಕಂಪ್ಯೂಟರಿನಿಂದ ಗಂಡಸಿನ ದನಿ ಬಂತು: "ಹಲೋ, ಕೇಳಿಸ್ತಿದೆಯಾ?" ಅದರ ಹಿಂದೆಯೇ ಹೊಲಿಗೆ ಯಂತ್ರದ ಕಟಕಟ. ಆಮೇಲೆ ಒಂದು ಹೆಣ್ಣುದನಿ, ಹುರುಪಿನಿಂದ: "ಕೇಳಿಸ್ತಿದೆ, ಕೇಳಿಸ್ತಿದೆ! ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳಿಸ್ತಿದೆ!"

ಅದು ಅಕ್ಕನದೇ ದನಿ.

ಈಗ ನೆನಪಾಯಿತು. ಮಳೆಗಾಲಕ್ಕೆ ಮುಂಚೆ ಕೊರಳಿಗೆ ಗುರುತುಪಟ್ಟಿ ಹಾಕಿಕೊಂಡ ಒಬ್ಬ ಓಣಿಗೆ ಬಂದಿದ್ದ. ಮನೆಮನೆಯ ಫೋನ್ ನಂಬರು ಕೇಳಿ, ಓಣಿಯ ಬಾಯಲ್ಲಿ ನಿಂತು ಒಬ್ಬೊಬ್ಬರಿಗೇ ಕರೆ ಮಾಡಿದ್ದ. ತಂಗಿಯ ಫೋನು ಮೇಜಿನ ಮೇಲೆ ನಡುಗಿದಾಗ ಎಂದಿನಂತೆ ಅಕ್ಕ ಎತ್ತಿದ್ದಳು. ಚೆನ್ನಾಗಿ ಕೇಳಿಸುತ್ತದೆ ಎಂದರೆ ಚೆನ್ನಾದದ್ದೇನೋ ಸಿಗುತ್ತದೆ ಎಂದುಕೊಂಡು ಉತ್ಸಾಹದಿಂದ ಕೂಗಿದ್ದಳು. ಕೇಳಿದ್ದಕ್ಕೆ ನಿಜವನ್ನೇ ಹೇಳಿದ್ದಳು. ಕೇಳಬೇಕಾದದ್ದನ್ನು ಅವನು ಕೇಳಿಯೇ ಇರಲಿಲ್ಲ.

"ಇಲ್ಲಿ ಫಲಿತಾಂಶ ಏನಿದೆ ಅಂದ್ರೆ, ಧ್ವನಿ ಸ್ಪಷ್ಟವಾಗಿದೆ," ಎಂದಳು ಕಂಪ್ಯೂಟರಿನ ಹೆಂಗಸು.

"ಸಾರ್, ನೀವು ಕೊಡ್ತಿರೋದು ಇಂಟರ್ನೆಟ್ಟು. ಪರೀಕ್ಷೆ ಮಾಡಿದ್ದು ಮಾತನ್ನ!"

ಅಧಿಕಾರಿ ಕನ್ನಡಕ ತೆಗೆದು ಒರೆಸಿದ. "ನಿಮ್ಮ ಮಾತು ತಪ್ಪು ಅಂತ ನಾನು ಹೇಳಲ್ಲ. ಈ ನಿಯಮ ಹಳೇ ಟೆಲಿಫೋನ್ ಯೋಜನೆ ಕಾಲದ್ದು. ಕರೆ ಹೋದ್ರೆ ಸಂಪರ್ಕ ಇದೆ ಅಂತ ಲೆಕ್ಕ. ಹೊಸ ಯೋಜನೆಗೆ ಅದನ್ನೇ ಎತ್ತಿ ಹಾಕಿದ್ದಾರೆ. ಮೇಲಿನವರು ಬದಲಾಯಿಸಿದ ದಿನ ನಾವೂ ಬದಲಾಯಿಸ್ತೀವಿ."

"ಅಷ್ಟರಲ್ಲಿ ಮಗು ದೊಡ್ಡದಾಗಿರುತ್ತೆ."

"ಮಾತು ಬಾರದೋರಿಗೆ ಬೇರೆ ಇಲಾಖೆ ಇದೆಯಮ್ಮಾ. ಅಲ್ಲಿ ಒಂದು ಅರ್ಜಿ..."

"ಅವಳಿಗೆ ಮಾತು ಬರುತ್ತೆ ಸಾರ್. ನಿಮಗೆ ಅರ್ಥವಾಗಲ್ಲ, ಅಷ್ಟೇ. ಅವಳಿಗೆ ಬೇಕಾಗಿರೋದು ಬೇರೆ ಇಲಾಖೆ ಅಲ್ಲ, ಪಕ್ಕದ ರಸ್ತೆಗೆ ನೀವು ಹಾಕಿದ್ದೀರಲ್ಲ, ಆ ಡಬ್ಬಿ."

ತಂಗಿ ಅಕ್ಕನ ತೊಡೆ ತಟ್ಟಿದಳು. 'ಏನಂತೆ?'

'ನೋಡ್ತಾರಂತೆ,' ಎಂದಿತು ಅಕ್ಕನ ಕೈ, ತಾನೇ ತಾನಾಗಿ.

ತಂಗಿ ಅವಳ ಎರಡೂ ಮಣಿಕಟ್ಟು ಹಿಡಿದಳು. ಕೈಮಾತಿನವರಲ್ಲಿ ಮಣಿಕಟ್ಟು ಹಿಡಿಯುವುದೆಂದರೆ ಬಾಯಿ ಮುಚ್ಚಿದ ಹಾಗೆ. ಚಿಕ್ಕಂದಿನ ಜಗಳಗಳಲ್ಲೂ ಅವಳು ಅಕ್ಕನಿಗೆ ಹಾಗೆ ಮಾಡಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಒಂದು ಗಳಿಗೆ ಹಾಗೆಯೇ ಹಿಡಿದಿದ್ದು, ಆಮೇಲೆ ಬಿಟ್ಟಳು. 'ನಿನ್ನ ಮುಖ ಒಂದು ಹೇಳ್ತಿದೆ, ಕೈ ಒಂದು ಹೇಳ್ತಿದೆ. ನನಗೆ ಮುಖ ಹೇಳಿದ್ದು ಬೇಕು. ಪೂರ್ತಿ.'

ಅಕ್ಕ ಹೇಳಿದಳು. ನಿಯಮ ಹೇಳಿದಳು, ತನ್ನದೇ ದನಿ ಕಂಪ್ಯೂಟರಿನಲ್ಲಿ ಕೂಗಿದ್ದನ್ನು ಹೇಳಿದಳು. ಗೋಡೆಯ ಮೇಲೆ ನಿಜವಾಗಿ ಏನು ಬರೆದಿದೆ ಎಂದು ಹೇಳಿದಳು. ಕೈ ಒಮ್ಮೆ ಬಿಚ್ಚಿದ ಮೇಲೆ ನಿಲ್ಲಲಿಲ್ಲ. ವಾರ್ಡನ್ ಹೇಳಿದ್ದೂ ಬಂತು, ಮಗುವಿನ ಜಾಗ ಬೇರೆಯವರಿಗೆ ಹೋಗಬಹುದು ಎಂಬುದು. ತಂಗಿಯ ಮುಖದಲ್ಲಿ ರಕ್ತ ಏರಿತು. ಅವಳು ಅಳಲಿಲ್ಲ. ಕೈಗಳು ಕತ್ತರಿಯ ಹಾಗೆ ಗಾಳಿಯನ್ನು ಕತ್ತರಿಸತೊಡಗಿದವು.

"ಏನಂತೆ?" ಎಂದು ಅಧಿಕಾರಿ ಮೆಲ್ಲಗೆ ಕೇಳಿದ.

ಎಂದಿನ ಅಕ್ಕನಾಗಿದ್ದರೆ, "ದಯವಿಟ್ಟು ಏನಾದ್ರೂ ಮಾಡಿ ಅಂತಿದ್ದಾಳೆ ಸಾರ್" ಎನ್ನುತ್ತಿದ್ದಳು.

"ಇದ್ದದ್ದು ಇದ್ದ ಹಾಗೆ ಹೇಳ್ತೀನಿ ಸಾರ್. 'ನನಗೆ ಕೊಡೋಕೆ ಬಂದವರು ನನ್ನನ್ನ ಬಿಟ್ಟು ಬೇರೆ ಎಲ್ಲರನ್ನೂ ಕೇಳಿದ್ದೀರಿ. ನನ್ನ ಫೋನು, ನನ್ನ ಹೆಸರು, ನನ್ನ ಮಗಳು. ಉತ್ತರ ಮಾತ್ರ ಇವಳದು. ಇನ್ನೊಂದು ಸಲ ಪರೀಕ್ಷೆ ಮಾಡಿ. ಈ ಸಲ ನನ್ನನ್ನ ಕೇಳಿ.' ಹೀಗಂತಿದ್ದಾಳೆ."

ಅಧಿಕಾರಿಗೆ ದಾರಿ ಸಿಕ್ಕಿದಂತಾಯಿತು. "ಮರುಪರೀಕ್ಷೆಗೆ ಅವಕಾಶ ಇದೆ," ಎಂದ. "ನಂಬರು ನಿಮ್ಮ ಓಣಿಯ ವಿಳಾಸದ್ದೇ ಆಗಿರೋದ್ರಿಂದ ಇಲ್ಲಿಂದಲೇ ಮಾಡಬಹುದು." ಹೆಂಗಸು ಕಂಪ್ಯೂಟರಿನಲ್ಲಿ ಏನೋ ತೆರೆದಳು. ಅವನು ಮೇಜಿನ ಫೋನೆತ್ತಿ ಒತ್ತಿದ.

ತಂಗಿಯ ಅಂಗೈಯಲ್ಲಿ ಫೋನು ನಡುಗಿತು. ಅಕ್ಕನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ತಂಗಿ ಫೋನನ್ನು ಆಚೆ ಸರಿಸಿದಳು. ಅಕ್ಕ ಕೈಗಳನ್ನು ಮಡಿಲಿಗೆ ತಂದುಕೊಂಡು ಒಂದರ ಮೇಲೊಂದು ಇಟ್ಟಳು. ತಂಗಿ ಹಸಿರು ಗುಂಡಿ ಒತ್ತಿ, ಫೋನನ್ನು ಅಧಿಕಾರಿಯ ಮುಖಕ್ಕೆ ಕನ್ನಡಿಯ ಹಾಗೆ ಹಿಡಿದಳು.

"ಹಲೋ," ಎಂದ ಅವನು. ಅವನ ಹಲೋ ಅವಳ ಕೈಯೊಳಗಿಂದ ಅವನಿಗೇ ವಾಪಸು ಬಂತು. "ಕೇಳಿಸ್ತಿದೆಯಾ?"

ತಂಗಿ ನೋಡುತ್ತಿದ್ದಳು.

"ಹಲೋ. ಕೇಳಿಸ್ತಿದೆಯೇನಮ್ಮಾ?"

ಬಾಗಿಲ ಬಳಿ ನಿಂತಿದ್ದ ಜವಾನ ಕೆಮ್ಮಲು ಹೋಗಿ ನುಂಗಿಕೊಂಡ. ತಂಗಿಯ ಕಣ್ಣು ಅಧಿಕಾರಿಯ ತುಟಿಯ ಮೇಲೆಯೇ ಇತ್ತು, ಆ ತುಟಿಗಳಿಂದ ಏನಾದರೂ ಬಂದೀತೆಂದು ನಿಜವಾಗಿಯೂ ಕಾಯುತ್ತಿರುವವಳ ಹಾಗೆ. ಅವನು ಅಕ್ಕನತ್ತ ತಿರುಗಿದ.

"ನೀವಾದ್ರೂ ಹೇಳಿ ಅಮ್ಮಾ."

"ಪರೀಕ್ಷೆ ಅವಳದ್ದು ಸಾರ್."

ಅವನು ಫೋನು ಕೆಳಗಿಟ್ಟ. ಆಗ ಕಂಪ್ಯೂಟರ್ ಟಿಣ್ ಎಂದಿತು. ಹೆಂಗಸು ಪರದೆ ನೋಡಿ, ಓದಬೇಕೋ ಬೇಡವೋ ಎಂದು ತಡವರಿಸಿ ಓದಿದಳು: "ಕರೆ ಸ್ವೀಕೃತ. ಸಂಪರ್ಕ ತೃಪ್ತಿಕರ. ಪ್ರಕರಣ ಮುಕ್ತಾಯ."

"ಮುಕ್ತಾಯ ಯಾಕೆ ಒತ್ತಿದ್ರಿ?" ಎಂದ ಅಧಿಕಾರಿ.

"ನಾನೆಲ್ಲಿ ಒತ್ತಿದೆ ಸಾರ್! ಕರೆ ಎತ್ತಿದ್ರೆ ಅದೇ ಒತ್ತಿಕೊಳ್ಳುತ್ತೆ."

ಅಕ್ಕನಿಗೆ ನಗು ಬಂತು. ಕೆಟ್ಟ ನಗು, ಹೊಟ್ಟೆಯ ತಳದಿಂದ ಬಂದದ್ದು, ಕೊರಳಿಗೆ ಬರುವಷ್ಟರಲ್ಲಿ ಬೆಂಕಿಯಾಗಿತ್ತು. "ಎತ್ತದಿದ್ರೆ ಏನಾಗ್ತಿತ್ತು ಸಾರ್?"

"ಫಲಾನುಭವಿ ಸಹಕರಿಸಲಿಲ್ಲ ಅಂತ ಬರ್ತಿತ್ತು," ಎಂದಳು ಹೆಂಗಸು, ತಲೆ ಬಗ್ಗಿಸಿಕೊಂಡು.

"ಅಂದ್ರೆ ಎತ್ತಿದ್ರೆ ಕೇಳಿಸುತ್ತೆ, ಎತ್ತದಿದ್ರೆ ಕೊಬ್ಬು! ಎಷ್ಟು ಚೆನ್ನಾಗಿ ಹೊಲಿದಿದ್ದೀರಿ ಸಾರ್ ಈ ನಿಯಮನ. ಎಲ್ಲೂ ಒಂದು ಸಂದಿ ಇಲ್ಲ. ನಮ್ಮಂಗಡೀಲಿ ಕೈಯೇ ತೂರದ ಅಂಗಿ ಹೊಲಿದುಕೊಟ್ಟಿದ್ರೆ ಗಿರಾಕಿ ಅದನ್ನ ನಮ್ಮ ಮುಖಕ್ಕೆ ಎಸೀತಿದ್ದ. ನಾವು ಎಸೆಯೋಣ ಅಂದ್ರೆ ನಿಮ್ಮದು ಕೈಗೇ ಸಿಗಲ್ಲ."

ಕಿಟಕಿಯ ಹೊರಗೆ ಬಿಸಿಲು ಬಾಡಿತ್ತು. ತಂಗಿ ಗೋಡೆಯ ಗಡಿಯಾರ ನೋಡಿದಳು. ಹಾಸ್ಟೆಲ್ಲಿನಲ್ಲಿ ಫೋನು ಕೊಡುವ ಹೊತ್ತು. ಸೇತುವೆ ಇಲ್ಲಿಂದ ದೂರ. ಅವಳು ಕೈಯಲ್ಲಿದ್ದ ಫೋನಿನ ಮೂಲೆಯಲ್ಲಿ ಸಿಗ್ನಲ್ ಗೆರೆಗಳೆಲ್ಲ ತುಂಬಿ ನಿಂತಿರುವುದನ್ನು ನೋಡಿದಳು. ಬಾಗಿಲ ಮೇಲಿನ ಡಬ್ಬಿಯ ಕಡೆ ನೋಡಿದಳು. ಆಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಅಧಿಕಾರಿಯ ಪೆನ್ನಿನ ಡಬ್ಬಕ್ಕೆ ಫೋನನ್ನು ಒರಗಿಸಿ ನಿಲ್ಲಿಸಿ ಕರೆ ಒತ್ತಿದಳು.

ಗುಳಿಕೆನ್ನೆ ಪರದೆಯಲ್ಲಿ ಬಂದಳು. ನಗಲಿಲ್ಲ. ಅನುಮಾನದ ಮುಖದಿಂದ ಒಂದು ಅಂಗೈ ಎತ್ತಿ ಹಿಡಿದಳು. ಗೇಟಿನ ಭಾನುವಾರದ ನಂತರ ಆ ಮಗು ತಾನೇ ಮಾಡಿಕೊಂಡಿದ್ದ ಪರೀಕ್ಷೆ ಅದು. ತಾನು ಅಂಗೈ ಎತ್ತಿದ ತಕ್ಷಣ ಅಮ್ಮನ ಅಂಗೈಯೂ ಏಳಬೇಕು. ತಡವಾದರೆ ಈ ಅಮ್ಮ ನಿಂತುಹೋದ ಅಮ್ಮ, ಅವಳ ಮಾತು ನಂಬುವಂತಿಲ್ಲ. ತಂಗಿಯ ಅಂಗೈ ಎದ್ದಿತು. ಮಗು ಇನ್ನೊಂದು ಕೈ ಎತ್ತಿದಳು. ತಂಗಿಯ ಇನ್ನೊಂದು ಕೈಯೂ ಎದ್ದಿತು. ಸೇತುವೆಯ ಮೇಲೆ ಎಂದೂ ಎದ್ದಿರಲಿಲ್ಲ ಆ ಎರಡನೆಯ ಕೈ. ಮಗು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು. ಆಮೇಲೆ ಒಮ್ಮೆಗೇ ಎರಡೂ ಕೈಯಲ್ಲಿ, ಉಸಿರು ಬಿಡದೆ, ಹೇಳತೊಡಗಿದಳು.

ಅಧಿಕಾರಿ ಕುತೂಹಲ ತಡೆಯಲಾರದೆ ಕತ್ತು ಚಾಚಿದ. "ಏನು ಹೇಳ್ತಿದ್ದಾಳೆ ಮಗು?"

"ತಾಯಿ ಮಗಳ ಮಾತು ಸಾರ್, ನಿಮಗಲ್ಲ," ಎಂದಳು ಅಕ್ಕ.

ಕಚೇರಿಯ ಹೊತ್ತು ಮೀರಿತು. ಕಂಪ್ಯೂಟರಿನ ಹೆಂಗಸು ಚೀಲ ಹೆಗಲಿಗೆ ಹಾಕಿಕೊಂಡಳು, ಆದರೆ ಹೊರಡದೆ ನಿಂತಳು. ಅಧಿಕಾರಿಯೂ ತನ್ನ ಚೀಲ ಎತ್ತಿಕೊಂಡ.

"ಇವತ್ತೇನೋ ಸರಿ. ದಿನಾ ಹೀಗೆ ಬಂದು ಕೂತ್ರೆ ಹೇಗಮ್ಮಾ? ಇದು ಸರ್ಕಾರಿ ಕಚೇರಿ."

"ಅದಕ್ಕೇ ಬರ್ತೀವಿ. ನಾಳೆನೂ ಬರ್ತೀವಿ, ನಾಳಿದ್ದೂ ಬರ್ತೀವಿ. ನಮ್ಮ ಓಣಿಯ ಕಂಬಕ್ಕೆ ಡಬ್ಬಿ ಬೀಳೋವರೆಗೂ ಇದೇ ಕುರ್ಚಿ, ಇದೇ ಮೇಜು. ಬೇಕಾದ್ರೆ ಮೇಲಿನವರಿಗೆ ನೀವೇ ದೂರು ಕೊಡಿ. ನಿಮ್ಮ ದನಿ ದಾಖಲಾಗುತ್ತಲ್ಲ."

ಜವಾನ ಬೀಗದ ಕೈ ಗೊಂಚಲು ಹಿಡಿದು ಬಂದು, ಎಂದಿನಂತೆ ಬಾಗಿಲ ಪಕ್ಕದ ಸ್ವಿಚ್ಚಿನ ಮೇಲೆ ಕೈಯಿಟ್ಟ.

"ಲೈಟ್ ಆರಿಸ್ಬೇಡಿ," ಎಂದಳು ಅಕ್ಕ. "ಮಾತಾಡ್ತಾ ಇದ್ದಾರೆ."

ಜವಾನ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಮೇಜಿನ ಮೇಲೆ ಬೆಳಗುತ್ತಿದ್ದ ಪುಟ್ಟ ಪರದೆಯನ್ನೂ, ಅದರ ಮುಂದೆ ಏಳುತ್ತಾ ಬೀಳುತ್ತಾ ಇದ್ದ ಕೈಗಳನ್ನೂ ನೋಡಿದ. ಆಮೇಲೆ ಎತ್ತಿಕೊಂಡಿದ್ದ ಚೀಲವನ್ನು ಮತ್ತೆ ಕೆಳಗಿಟ್ಟು, ಅರ್ಜಿದಾರರು ಕೂರುವ ಬೆಂಚಿನ ಮೇಲೆ ಹೋಗಿ ಕೂತು ಕಾಯತೊಡಗಿದ.